ಮೊಣಕೈ

ನಾ ಓಡಿದ ಊರುಗಳ ಹೆಸರು ಕೇಳಿದ್ರ ಹೇಳ್ತೀನಿ:
ರಾಟರ್‌ಡ್ಯಾಮ್, ನಗೋಯಾ, ಫ್ರಾಂಕ್‌ಫರ್ಟ್, ಎರಡು ಸಲ ಸೋಲ್.
ಆ ಊರಾಗ ಏನು ನೋಡಿದಿ ಅಂತ ಕೇಳಬ್ಯಾಡ್ರಿ.
ರಸ್ತಾದ ಮ್ಯಾಲಿನ ನೀಲಿ ಗೆರಿ ನೋಡೀನಿ,
ಎಡಗೈ ಗಡಿಯಾರ ನೋಡೀನಿ,
ಮೂವತ್ತನೇ ಕಿಲೋಮೀಟರಿನ ಹಲಗಿ ನೋಡೀನಿ.
ಅಲ್ಲಿಗೆ ನನ್ನ ಕೆಲಸ ಮುಗೀತಿತ್ತು.

ಎಲ್ಲರ ಎದಿ ಮ್ಯಾಲ ಅವರವರ ಹೆಸರು,
ನನ್ನ ಎದಿ ಮ್ಯಾಲ ‘ಪೇಸ್’ ಅಂತ ಬರೀ ಒಂದು ಶಬ್ದ.
ಗೆಲ್ಲೋ ಹೆಣ್ಣುಮಗಳ ಮುಂದ ಎರಡು ಹೆಜ್ಜಿ,
ಗಾಳಿ ಅಡ್ಡ ಬಂದ್ರ ನಾನೇ ಗ್ವಾಡಿ.
ಕಿಲೋಮೀಟರಿಗೆ ಮೂರು ನಿಮಿಷ ಇಪ್ಪತ್ತೆರಡು ಸೆಕೆಂಡ್,
ಇಪ್ಪತ್ತೊಂದಲ್ಲ, ಇಪ್ಪತ್ಮೂರಲ್ಲ.
ಕರಾರಿನ ಕಾಗದದಾಗ ಹಂಗೇ ಬರದಿತ್ತು.

ಕಲಿಸಿದ ಕೋಚ್ ಯಾರು ಅಂತಾರ.
ಶಹಾಬಾದಿನ ಕಲ್ಲಗಣಿಯಾಗ ನಮ್ಮಪ್ಪ
ಫರಸಿ ಎಬ್ಬಿಸ್ತಿದ್ದ.
ಉಳಿ ಇಟ್ಟು ಗೆರಿಗುಂಟ ಹೊಡೀತಾ ಹೋಗಂವ,
ಟಣ್, ಟಣ್, ಒಂದೇ ತೂಕ.
ಸಿಟ್ಟಿಲೆ ಹೊಡದ್ರ ಕಲ್ಲು ಹುಡಿ ಆಗ್ತದ,
ಅಂಜಿ ಹೊಡದ್ರ ಏಳಂಗಿಲ್ಲ,
ಸಮಾ ಹೊಡಿ ಮಗಾ, ತಾನೇ ಬಿಟ್ಟುಕೊಡ್ತದ ಅಂತಿದ್ದ.
ಮ್ಯಾರಥಾನ್ ಅನ್ನೋ ಶಬ್ದ ಅಂವ ಕೇಳಿರಲಿಲ್ಲ.
ಧೂಳು ಕುಡದು ಕುಡದು ಎದಿ ಕಟ್ಟಿ
ನಲವತ್ತಾರಕ್ಕ ನಿಂತ.

ಬ್ಯಾಸಿಗ್ಯಾಗ ನಸಿಕಿನ ಮೂರಕ್ಕ ಏಳೋದು.
ಆರಾಗೂದ್ರಾಗ ಬಿಸಿಲು ಕೋಲು ಹಿಡದು ಬರ್ತಿತ್ತು.
ಸಿಮೆಂಟ್ ಲಾರಿ ದಾಟಿಹೋದ ಮ್ಯಾಲ
ಹುಬ್ಬು ಬೆಳ್ಳಗ, ಹಲ್ಲಾಗ ಕರಕರ.
ಸವದ ಬೂಟಿನ ಹಿಮ್ಮಡಿಗೆ ಇಸ್ಮಾಯಿಲ್ ಮಾಮಾ
ಟಯರಿನ ತುಂಡು ಬಡದು ಕೊಟ್ಟ,
ರೊಕ್ಕ ಒಲ್ಲೆ ಅಂದ,
ಪರದೇಸಕ್ಕ ಹೋದ್ರ ಒಂದು ಸೆಂಟಿನ ಬಾಟ್ಲಿ ತಾ ಅಂದ.
ತಂದೆ. ಅದನ್ನ ಇನ್ನೂ ತೆರೆದಿಲ್ಲ, ಪುಣ್ಯಾತ್ಮ.

ರಾಟರ್‌ಡ್ಯಾಮಿನಾಗ ಬಿರ್ಕೆ ಅಂತ ಇಥಿಯೋಪಿಯಾದ ಹುಡುಗಿ.
ಒಂದು ತಾಸು ನಲವತ್ತೊಂದು ನಿಮಿಷ
ಆಕಿ ಉಸಿರು ನನ್ನ ಬೆನ್ನಿಗೆ ಬಡೀತಿತ್ತು.
ಮಾರಿ ನೋಡಿದ್ದು ನಾ ಬದಿಗೆ ಸರದಾಗ,
ಒಂದೇ ಗಳಿಗಿ.
ಏನೋ ಅಂದ್ಳು ತನ್ನ ಭಾಷಾದಾಗ,
ಬೈದ್ಳೋ, ಹರಸಿದ್ಳೋ.
ಆಮ್ಯಾಲ ಬೆನ್ನು, ಜಡಿ, ತಿರುವು.
ನನ್ನ ಕಾಲು ಇನ್ನೂ ಗಟ್ಟಿ ಇದ್ವು.
ಅದನ್ನ ಯಾರಿಗೂ ಹೇಳಿಲ್ಲ.
ಹೆಗಲ ಮ್ಯಾಲ ಯಾರೋ ಪ್ಲಾಸ್ಟಿಕ್ ಹಾಳಿ ಹೊದಿಸಿದ್ರು,
ಬಸ್ಸಿನಾಗ ಕೂತು ಬಾಳೆಹಣ್ಣು ತಿಂದೆ.

ಮರುದಿನ ಪೇಪರಿನಾಗ ಆಕಿ ಫೋಟೋ.
ಎಡಕ್ಕ, ಕತ್ತರಿ ಬಿದ್ದ ಅಂಚಿಗೆ,
ಒಂದು ಕರಿ ಮೊಣಕೈ.
ಅವ್ವ ಅದನ್ನ ದೇವರ ಮಾಡದ ಬಾಜೂಕ ಅಂಟಿಸಿ
ಓಣಿ ಮಂದಿನೆಲ್ಲಾ ಕರದು ತೋರಿಸ್ಯಾಳ:
‘ಇಕಾ, ನಮ್ಮ ಸಾಯಬಣ್ಣ.’
ಫೋನಿನಾಗ ಆಕಿ ಯಾವತ್ತೂ ಕೇಳಿದ್ದು ಒಂದೇ ಮಾತು,
ಯಾರು ಗೆದ್ದರು?
ನೀ ಗೆದ್ದೇನು ಅಂತ ತಪ್ಪಿನೂ ಕೇಳಿಲ್ಲ.

ಈಗ ವಾಡಿ ಜಂಕ್ಷನ್ನಿನಾಗ ಟಿಸಿ. ಕರಿ ಕೋಟು.
ಟಿಕೆಟ್ ಇಲ್ಲದ ಹುಡುಗರು ಓಡಿದ್ರ ಬೆನ್ನ ಹತ್ತಂಗಿಲ್ಲ,
ಅವರ ಹೆಜ್ಜಿ ನೋಡ್ಕೋತ ನಿಲ್ತೀನಿ.
ರಾತ್ರಿ ಪಾಳಿ ಮುಗಿಸಿ ಕೋಟು ಕಳಚಿ
ಬೂಟು ಕಟ್ಟತೀನಿ.
ಇಲ್ಲಿಂದ ನಮ್ಮ ಮನಿ ತನಕ
ಸೈಕಲ್ ಮೀಟರ್ ಹಚ್ಚಿ ಅಳದೀನಿ:
ಹನ್ನೆರಡು ಕಿಲೋಮೀಟರ್, ನೂರಾ ತೊಂಬತ್ತೈದು ಮೀಟರ್.
ಖರೇ ಹೇಳಬೇಕಂದ್ರ ಐವತ್ತು ಮೀಟರ್ ಕಡಿಮಿ ಬೀಳ್ತದ,
ಮಸೂತಿ ಹಿಂದಿನ ಓಣಿ ಒಮ್ಮೆ ಸುತ್ತತೀನಿ.

ನಿನ್ನಿ ಗೇಟು ಹಾಕಿತ್ತು.
ಸಿಮೆಂಟಿನ ವ್ಯಾಗನ್, ಐವತ್ತೆಂಟು ಎಣಿಸಿದೆ,
ಹನ್ನೊಂದು ನಿಮಿಷ ಹೋತು.
ಗಡಿಯಾರ ನಿಲ್ಲಿಸಲಿಲ್ಲ.
ಹೊಸ್ತಿಲ ಮುಂದಿನ ಫರಸಿ ಮ್ಯಾಲ ಕಾಲಿಟ್ಟಾಗ
ಒಳಗ ರೊಟ್ಟಿ ಬಡಿಯೋ ಸಪ್ಪಳ.
ಅವ್ವ ತಲಿ ಎತ್ತದನೇ ಕೇಳಿದ್ಳು,
‘ಯಾರು ಗೆದ್ದರು?’
‘ಗೂಡ್ಸ್ ಗಾಡಿ’ ಅಂದೆ.